1951ರ ‘ಐ ಲವ್ ಲೂಸಿ’ ಇಷ್ಟು ಸ್ಪಷ್ಟ, 1971ರ ಶೋ ಅಷ್ಟು ಮಸುಕು: ಯಾಕೆ?

ಒಂಟಿಕೊಪ್ಪಲ್:
ಅಮೆರಿಕದ ಹಳೇ ಟಿವಿ ಬಲ್ಲವರಿಗೆ ಒಂದು ಪ್ರಶ್ನೆ. ‘ಐ ಲವ್ ಲೂಸಿ’ ಅನ್ನೋ ಹಾಸ್ಯ ಶೋ ಶುರುವಾಗಿದ್ದು 1951ರ ಅಕ್ಟೋಬರ್ 15ಕ್ಕೆ. ಬ್ಲೂ-ರೇಯಲ್ಲಿ ಹಾಕಿದರೆ ನಾಯಕಿ ಲೂಸಿಲ್ ಬಾಲ್ ಅವರ ರೆಪ್ಪೆಗೂದಲು ಬಿಡಿಬಿಡಿಯಾಗಿ ಕಾಣುತ್ತೆ. ಅದಾಗಿ ಇಪ್ಪತ್ತು ವರ್ಷಕ್ಕೆ ಬಂದ ‘ಆಲ್ ಇನ್ ದ ಫ್ಯಾಮಿಲಿ’ ಕಲರ್‌ನದು, ಆದರೂ ದೊಡ್ಡ ಪರದೆಯಲ್ಲಿ ಮುಖಗಳು ಕಲಸಿದ ಹಾಗಿವೆ. ಜಾನಿ ಕಾರ್ಸನ್ ನಡೆಸುತ್ತಿದ್ದ ರಾತ್ರಿ ಹರಟೆಯ ‘ಟುನೈಟ್ ಶೋ’ದ 60ರ ದಶಕದ ಕಂತು ಹುಡುಕಿದರೆ ಚೂರುಪಾರು ಬಿಟ್ಟು ಏನೂ ಸಿಗಲ್ಲ. ಹಳೆಯದು ಹಾಳಾಗಬೇಕಿತ್ತು, ಹೊಸದು ಉಳಿಯಬೇಕಿತ್ತು. ಇಲ್ಲಿ ಪೂರ್ತಿ ಉಲ್ಟಾ. ಯಾಕೆ?

ಹಳೇರೀಲು:
ವಯಸ್ಸನ್ನು ನೋಡಬೇಡಿ ಸರ್, ಯಾವುದರ ಮೇಲೆ ದಾಖಲಾಗಿದೆ ಅನ್ನೋದನ್ನ ನೋಡಿ. ಆ ಕಾಲದ ಶೋಗಳಿಗೆ ಮೂರು ಗತಿ ಇದ್ದವು. ಒಂದು, ಸಿನಿಮಾದ ಹಾಗೆ 35 ಎಂಎಂ ಫಿಲ್ಮ್‌ನಲ್ಲಿ ಶೂಟ್ ಮಾಡೋದು. ಎರಡು, ಸ್ಟುಡಿಯೋದಿಂದ ನೇರ ಪ್ರಸಾರ ಮಾಡಿ, ಮಾನಿಟರ್‌ನ ಚಿತ್ರಕ್ಕೇ ಫಿಲ್ಮ್ ಕ್ಯಾಮೆರಾ ಹಿಡಿದು ಪ್ರತಿ ತೆಗೆಯೋದು, ಇದು ಕಿನೆಸ್ಕೋಪ್. ಮೂರು, 1956ರಲ್ಲಿ ಬಂದ ಎರಡಿಂಚಿನ ವಿಡಿಯೋ ಟೇಪು.

‘ಲೂಸಿ’ ಮೊದಲನೆಯದು. ‘ಆಲ್ ಇನ್ ದ ಫ್ಯಾಮಿಲಿ’ ಮೂರನೆಯದು, ಶೋ ಮುಗಿಯುವಾಗ ‘ಪ್ರೇಕ್ಷಕರ ಮುಂದೆ ಟೇಪಿನಲ್ಲಿ ದಾಖಲಿಸಲಾಗಿದೆ’ ಅಂತ ಅವರೇ ಹೇಳ್ತಾರೆ. 35 ಎಂಎಂ ನೆಗೆಟಿವ್‌ನಲ್ಲಿ ಇವತ್ತಿನ ಎಚ್‌ಡಿಗೂ ಮಿಕ್ಕುವಷ್ಟು ವಿವರ ಇದೆ. ಟೇಪಿನಲ್ಲಿ ಇರೋದು 525 ಗೆರೆಯ ಚಿತ್ರ, ಅದರಲ್ಲೂ ಕಣ್ಣಿಗೆ ಕಾಣೋದು ಸುಮಾರು 480. ಇಲ್ಲದ ವಿವರವನ್ನು ಯಾವ ಸ್ಕ್ಯಾನರ್ ತಂದುಕೊಡುತ್ತೆ?

ಒಂಟಿಕೊಪ್ಪಲ್:
ಹಾಗಾದರೆ 1951ರಲ್ಲೇ ಎಲ್ಲರೂ ಫಿಲ್ಮ್‌ನಲ್ಲೇ ತೆಗೀಬಹುದಿತ್ತಲ್ಲ?

ಹಳೇರೀಲು:
ದುಡ್ಡು. ಟಿವಿಯ ರಾಜಧಾನಿ ಆಗ ನ್ಯೂಯಾರ್ಕ್. ಅಲ್ಲಿ ನೇರ ಪ್ರಸಾರ ಮಾಡಿದರೆ ಕಚ್ಚಾ ಫಿಲ್ಮ್ ಬೇಡ, ಲ್ಯಾಬ್ ಬೇಡ, ಎಡಿಟಿಂಗ್ ಬೇಡ. ಪೂರ್ವ ತೀರದಿಂದ ಪಶ್ಚಿಮಕ್ಕೆ ನೆಟ್‌ವರ್ಕ್ ಸಂಪರ್ಕ ಆದದ್ದೇ 1951ರ ಸೆಪ್ಟೆಂಬರ್‌ನಲ್ಲಿ. ಅಲ್ಲಿಯವರೆಗೆ ಲಾಸ್ ಏಂಜಲೀಸ್‌ನ ಜನ ನ್ಯೂಯಾರ್ಕಿನ ಶೋಗಳನ್ನ ಕಿನೆಸ್ಕೋಪ್ ರೀಲು ಬಂದಮೇಲೆ, ದಿನಗಟ್ಟಲೆ ತಡವಾಗಿ ನೋಡ್ತಿದ್ರು.

ಲೂಸಿಲ್ ಬಾಲ್ ಮತ್ತು ಡೆಸಿ ಆರ್ನಾಜ್ ದಂಪತಿ ಹಾಲಿವುಡ್ ಬಿಡಲು ಒಪ್ಪಲಿಲ್ಲ. ಪ್ರಾಯೋಜಕರು ಫಿಲಿಪ್ ಮಾರಿಸ್ ಸಿಗರೇಟು ಕಂಪನಿಯವರು. ಅವರ ಗಿರಾಕಿಗಳು ಹೆಚ್ಚಾಗಿ ಇದ್ದದ್ದು ಪೂರ್ವದಲ್ಲಿ, ಅಲ್ಲಿಗೆ ಮಸುಕು ಕಿನೆಸ್ಕೋಪ್ ಕಳಿಸೋದು ಅವರಿಗೆ ಬೇಡ. ಹಾಗಾದ್ರೆ ಫಿಲ್ಮ್‌ನಲ್ಲೇ ತೆಗೀತೀವಿ ಅಂತ ಇವರು. ಖರ್ಚು ಹೆಚ್ಚಾಯ್ತು ಅಂತ ಶೋ ಪ್ರಸಾರ ಮಾಡುವ ಸಿಬಿಎಸ್ ನೆಟ್‌ವರ್ಕ್. ಕೊನೆಗೆ ದಂಪತಿ ತಮ್ಮ ಸಂಭಾವನೆಯಲ್ಲಿ ವಾರಕ್ಕೆ 1,000 ಡಾಲರ್ ಕಡಿಮೆ ಮಾಡಿಕೊಂಡರು, ಬದಲಿಗೆ ಫಿಲ್ಮ್‌ಗಳ ಒಡೆತನ ತಮ್ಮ ಡೆಸಿಲು ಕಂಪನಿಗೆ ಬರೆಸಿಕೊಂಡರು. ಒಂದು ಸಲ ಪ್ರಸಾರ ಆದ ಕಂತಿಗೆ ಬೆಲೆ ಇಲ್ಲ ಅಂತ ಎಲ್ಲರೂ ನಂಬಿದ್ದ ಕಾಲ ಅದು, ಸಿಬಿಎಸ್ ಸಲೀಸಾಗಿ ಬಿಟ್ಟುಕೊಟ್ಟಿತು. ಮುಂದೆ ಅದೇ ಸಿಬಿಎಸ್ ಆ ಕಂತುಗಳನ್ನ ದಶಲಕ್ಷಗಟ್ಟಲೆ ಡಾಲರ್ ತೆತ್ತು ಕೊಂಡುಕೊಳ್ತು. 1957ರ ಹೊತ್ತಿಗೆ ಡೆಸಿಲು ಆರ್‌ಕೆಓ ಸ್ಟುಡಿಯೋವನ್ನೇ ಖರೀದಿಸುವಷ್ಟು ಬೆಳೆದಿತ್ತು.

ಶಿವಾನಂದ_ಸರ್ಕಲ್:
ಮೂರು ಕ್ಯಾಮೆರಾ ಪದ್ಧತಿ ಕಂಡುಹಿಡಿದದ್ದೂ ಡೆಸಿ ಆರ್ನಾಜ್ ಅವರೇ ಅಲ್ವಾ?

ಸುಮಾ_ಆರ್ಕೈವ್:
ಹಾಗಂತ ಎಲ್ಲ ಕಡೆ ಬರೀತಾರೆ, ಆದರೆ ಸರಿಯಲ್ಲ. ಜೆರ್ರಿ ಫೇರ್‌ಬ್ಯಾಂಕ್ಸ್ 1940ರ ದಶಕದ ಕೊನೆಯಲ್ಲೇ 16 ಎಂಎಂ ಕ್ಯಾಮೆರಾಗಳನ್ನ ಒಟ್ಟಿಗೆ ಓಡಿಸುವ ವ್ಯವಸ್ಥೆ ಮಾಡಿದ್ದರು. ರಾಲ್ಫ್ ಎಡ್ವರ್ಡ್ಸ್ ಅವರ ‘ಟ್ರೂಥ್ ಆರ್ ಕಾನ್ಸಿಕ್ವೆನ್ಸಸ್’ ಟಿವಿಗೆ ಬಂದಾಗ ಅಲ್ ಸೈಮನ್ ಹಲವು ಫಿಲ್ಮ್ ಕ್ಯಾಮೆರಾ ಬಳಸಿದ್ದರು, ಆ ಸೈಮನ್ ಅವರನ್ನೇ ಡೆಸಿಲು ಕರೆಸಿಕೊಂಡಿತು. ಡೆಸಿಲು ಮಾಡಿದ ಕೆಲಸ ಬೇರೆ: 35 ಎಂಎಂ, ಸುಮಾರು 300 ಜನ ಪ್ರೇಕ್ಷಕರು, ನಾಟಕದ ಹಾಗೆ ಸಾಲಾಗಿ ನಡೆಯುವ ದೃಶ್ಯ, ಇವನ್ನೆಲ್ಲ ವಾರಾವಾರ ತಪ್ಪದೆ ನಡೆಸಬಹುದು ಅಂತ ತೋರಿಸಿದ್ದು.

ಇದಕ್ಕೆ ಆರ್ನಾಜ್ ಅವರಿಗೆ ಎಷ್ಟು ಶ್ರೇಯಸ್ಸು ಸಲ್ಲಬೇಕೋ ಅಷ್ಟೇ ಕಾರ್ಲ್ ಫ್ರಾಯಿಂಡ್ ಅವರಿಗೂ ಸಲ್ಲಬೇಕು. ಜರ್ಮನಿಯಲ್ಲಿ ‘ಮೆಟ್ರೊಪೊಲಿಸ್’ ಚಿತ್ರೀಕರಿಸಿದ ಛಾಯಾಗ್ರಾಹಕ ಅವರು. ಅಂಥವರು ಬಂದು ಟಿವಿ ಹಾಸ್ಯಕ್ಕೆ ದೀಪ ಕಟ್ಟಿದರು!

ಲೈಟ್‌ಬಾಯ್_ಬಸು:
ಸುಮಾ ಮೇಡಂ ಹೇಳಿದ ದೀಪದ ವಿಷಯ ಬಿಡಿಸಿ ಹೇಳ್ತೀನಿ, ಇಡೀ ಪದ್ಧತಿಯ ಗಂಟು ಇರೋದೇ ಅಲ್ಲಿ.

ಸಿನಿಮಾದಲ್ಲಿ ಒಂದೇ ಕ್ಯಾಮೆರಾ. ಪ್ರತಿ ಶಾಟ್‌ಗೂ ದೀಪ ಬದಲಿಸ್ತಾರೆ, ಕ್ಲೋಸ್‌ಅಪ್‌ಗೆ ಬೇರೆ, ದೂರದ ಶಾಟ್‌ಗೆ ಬೇರೆ. ಮೂರು ಕ್ಯಾಮೆರಾ ಒಟ್ಟಿಗೆ ಓಡುವಾಗ ಇದು ಸಾಧ್ಯ ಇಲ್ಲ. ನೆಲದ ಮೇಲೆ ದೀಪದ ಸ್ಟ್ಯಾಂಡ್ ಇಟ್ಟರೆ ಒಂದಲ್ಲ ಒಂದು ಕ್ಯಾಮೆರಾದ ಕಣ್ಣಿಗೆ ಬೀಳುತ್ತೆ, ಇಲ್ಲವೇ ಕ್ಯಾಮೆರಾದ ಗಾಡಿ ಓಡಾಡೋದಕ್ಕೆ ಅಡ್ಡ, ಪ್ರೇಕ್ಷಕರಿಗೂ ಮರೆ. ಹಾಗಾಗಿ ಫ್ರಾಯಿಂಡ್ ಬಹುತೇಕ ದೀಪಗಳನ್ನ ಮೇಲಿನಿಂದ ತೂಗುಹಾಕಿಸಿ, ಸೆಟ್ಟಿನ ಉದ್ದಗಲಕ್ಕೂ ಒಂದೇ ಸಮ ಬೆಳಕು ಬೀಳುವ ಹಾಗೆ ಮಾಡಿದರು. ನಟರು ಎಲ್ಲಿ ನಿಂತರೂ, ಯಾವ ಕ್ಯಾಮೆರಾದಿಂದ ನೋಡಿದರೂ ಬೆಳಕು ಒಂದೇ. ಆದರೆ ಮೇಲಿನ ಬೆಳಕಿಗೆ ಕಣ್ಣಿನ ಕೆಳಗೆ, ಗಲ್ಲದ ಕೆಳಗೆ ನೆರಳು ಬೀಳುತ್ತೆ, ಅದನ್ನ ಅಳಿಸೋಕೆ ಕ್ಯಾಮೆರಾದ ಮೇಲೇ ಒಂದು ಚಿಕ್ಕ ದೀಪ.

ಇನ್ನೊಂದು ತೊಡಕು ಕಾಂಟ್ರಾಸ್ಟ್. ಸಿನಿಮಾ ಪರದೆ ತೋರಿಸುವಷ್ಟು ಕಪ್ಪು-ಬಿಳುಪಿನ ಅಂತರವನ್ನ ಅಂದಿನ ಟಿವಿ ತೋರಿಸ್ತಿರಲಿಲ್ಲ. ಅಚ್ಚ ಬಿಳಿ ಅಂಗಿ ಹೊಳೆಯುವ ತೇಪೆ ಆಗ್ತಿತ್ತು, ಕಪ್ಪು ಕೋಟು ಮಸಿಯ ಗುಡ್ಡೆ. ಅದಕ್ಕೇ ಸೆಟ್ಟಿಗೆ ಬೂದು ಬಣ್ಣದ ನಾನಾ ಛಾಯೆ ಬಳಿಸಿದರು, ಬಟ್ಟೆಗೂ ಅಂಥದೇ ನಿಯಮ. ಇವತ್ತು ನೆಗೆಟಿವ್‌ನಿಂದ ಸ್ಕ್ಯಾನ್ ಮಾಡಿದಾಗ ನೆರಳಿನಲ್ಲೂ ಬೆಳಕಿನಲ್ಲೂ ವಿವರ ಉಳಿದಿರೋದು ಆ ಶಿಸ್ತಿನ ಫಲ.

ಕ್ಯಾಮೆರಾ ಮೂರೂ ಮಿಚೆಲ್ ಬಿಎನ್‌ಸಿ. ನಡುವಿನದಕ್ಕೆ ಅಗಲ ಲೆನ್ಸ್, 28ರಿಂದ 50 ಎಂಎಂ, ಇಡೀ ದೃಶ್ಯಕ್ಕೆ. ಪಕ್ಕದ ಎರಡಕ್ಕೆ 3ರಿಂದ 4 ಇಂಚಿನ ಲೆನ್ಸ್, ಕ್ಲೋಸ್‌ಅಪ್‌ಗೆ. ನೆಲದ ಗುರುತು ನೋಡಿಕೊಂಡು ಗಾಡಿ ತಳ್ಳೋದು. ಒಬ್ಬ ನಟ ಗುರುತು ತಪ್ಪಿ ಎರಡು ಹೆಜ್ಜೆ ಆಚೆ ನಿಂತರೆ ಪಕ್ಕದ ಕ್ಯಾಮೆರಾದ ಫೋಕಸ್ ಹೋಯ್ತು ಅಂತಲೇ ಲೆಕ್ಕ.

ಕತ್ತರಿ_ಬ್ಲೇಡು:
ಬಸು ಅವರ ಮಾತಿಗೆ ಎಡಿಟಿಂಗ್ ಟೇಬಲಿನ ಕಡೆಯಿಂದ ಒಂದಿಷ್ಟು. 35 ಎಂಎಂ ಫಿಲ್ಮು ಸೆಕೆಂಡಿಗೆ 24 ಫ್ರೇಮಿನಂತೆ ನಿಮಿಷಕ್ಕೆ 90 ಅಡಿ ಓಡುತ್ತೆ. 1,000 ಅಡಿಯ ಮ್ಯಾಗಜೀನ್ ಅಂದರೆ 11 ನಿಮಿಷ ಚಿಲ್ಲರೆ. 25 ನಿಮಿಷದ ಕಂತಿಗೆ ಮೂರು ಕ್ಯಾಮೆರಾ ಸೇರಿ 6,750 ಅಡಿ, ಒಂದೂ ರೀಟೇಕ್ ಇಲ್ಲ ಅಂದುಕೊಂಡರೆ. ರೀಲು ಬದಲಿಸೋಕೆ ದೃಶ್ಯಗಳ ನಡುವೆ ನಿಲ್ಲಿಸಲೇಬೇಕು. ಅಷ್ಟು ಹೊತ್ತು ಪ್ರೇಕ್ಷಕರ ಉತ್ಸಾಹ ಇಳಿಯದ ಹಾಗೆ ನೋಡ್ಕೋಬೇಕು.

ಶೂಟ್ ಮುಗಿದ ಮೇಲೆ ನಿಜವಾದ ಪರದಾಟ. ಮೂರೂ ಕ್ಯಾಮೆರಾದ ಫಿಲ್ಮು ಮತ್ತು ಸೌಂಡು ಒಂದೇ ಹೆಜ್ಜೆಯಲ್ಲಿ ಓಡಬೇಕು. ಎಡಿಟರ್ ಫಿಲ್ಮು ಓಡಿಸಿ ನೋಡುವ ಮಾಮೂಲಿ ಮೂವಿಯೋಲಾ ಯಂತ್ರದಲ್ಲಿ ಒಂದು ಚಿತ್ರ ಮಾತ್ರ ಕಾಣುತ್ತೆ. ಅದಕ್ಕೆ ಮೂರು ಚಿತ್ರದ ತಲೆ ಇರುವ ಮೂವಿಯೋಲಾ ತರಿಸಿದರು, ಎಡಿಟರ್ ಡ್ಯಾನ್ ಕಾನ್ ಅದಕ್ಕೆ ‘ಮೂರು ತಲೆ ರಾಕ್ಷಸ’ ಅಂತಲೇ ಹೆಸರಿಟ್ಟರು. ಮೂರು ಚಿತ್ರ ಅಕ್ಕಪಕ್ಕ ಓಡುವಾಗ ಎಲ್ಲಿ ಕತ್ತರಿಸಬೇಕೋ ಅಲ್ಲಿ ಗುರುತು ಹಾಕೋದು. ಒಂದು ರೀಲು ಒಂದೇ ಫ್ರೇಮು ಜಾರಿದರೂ ತುಟಿ ಒಂದು ಕಡೆ, ಮಾತು ಇನ್ನೊಂದು ಕಡೆ. ಪ್ರತಿ ಟೇಕಿನ ಆರಂಭದಲ್ಲಿ ಮೂರೂ ಕ್ಯಾಮೆರಾಕ್ಕೆ ಸಾಮಾನ್ಯವಾದ ಒಂದು ಗುರುತು ಇರಲೇಬೇಕು ಅನ್ನೋದು ಇದಕ್ಕೇ.

ಒಂಟಿಕೊಪ್ಪಲ್:
ಕಿನೆಸ್ಕೋಪ್ ಅಂದಿರಲ್ಲ, ಅದೂ ಫಿಲ್ಮೇ ಅಲ್ವಾ? ಮತ್ತೆ ಅದ್ಯಾಕೆ ಅಷ್ಟು ಕೆಟ್ಟದಾಗಿ ಕಾಣೋದು?

ಫೀಲ್ಡ್_525:
ಫಿಲ್ಮೇ. ಆದರೆ ಅದು ನೋಡ್ತಿರೋದು ನಟರನ್ನಲ್ಲ, ಟಿವಿ ಟ್ಯೂಬನ್ನ. ಟ್ಯೂಬಿನ ಗೆರೆ, ಮಸುಕು, ಗಾಜಿನ ಉಬ್ಬು ಎಲ್ಲ ಅಚ್ಚಾಗುತ್ತೆ. ಅದಕ್ಕಿಂತ ದೊಡ್ಡ ತಾಪತ್ರಯ ವೇಗದ ಲೆಕ್ಕ.

ಅಮೆರಿಕದ ಟಿವಿ ಸೆಕೆಂಡಿಗೆ 60 ಫೀಲ್ಡು ತೋರಿಸುತ್ತೆ. ಫೀಲ್ಡು ಅಂದರೆ ಒಂದು ಬಿಟ್ಟು ಒಂದು ಗೆರೆಯ ಅರ್ಧ ಚಿತ್ರ, ಎರಡು ಫೀಲ್ಡು ಸೇರಿ ಒಂದು ಫ್ರೇಮು. ಫಿಲ್ಮು ಸೆಕೆಂಡಿಗೆ 24. ಈಗ ಎಲ್ಲವನ್ನೂ 120ರ ಭಿನ್ನರಾಶಿಯಲ್ಲಿ ಬರೀರಿ. ಒಂದು ಫಿಲ್ಮ್ ಫ್ರೇಮಿಗೆ ಸಿಗೋ ಕಾಲ 5/120 ಸೆಕೆಂಡು. ಒಂದು ಪೂರ್ತಿ ಟಿವಿ ಫ್ರೇಮು ಸೆರೆಹಿಡಿಯಲು 4/120 ಬೇಕು. ಉಳಿದ 1/120 ಸೆಕೆಂಡಿನಲ್ಲಿ ಶಟರ್ ಮುಚ್ಚಿ, ಫಿಲ್ಮನ್ನ ಒಂದು ಫ್ರೇಮು ಕೆಳಗೆ ಎಳೆದು, ನಿಲ್ಲಿಸಬೇಕು. ಅಂದರೆ ಶಟರ್ ತಟ್ಟೆಯಲ್ಲಿ ಮುಚ್ಚಿರುವ ಭಾಗ 72 ಡಿಗ್ರಿ ಮಾತ್ರ. ಮಾಮೂಲಿ ಸಿನಿಮಾ ಕ್ಯಾಮೆರಾದಲ್ಲಿ ಸುಮಾರು ಅರ್ಧ ಸುತ್ತು ಮುಚ್ಚಿರುತ್ತೆ. ಅಷ್ಟು ಬೇಗ ಎಳೆಯೋ ಯಂತ್ರವನ್ನ ವಿಶೇಷವಾಗಿ ಮಾಡಬೇಕಾಯ್ತು, ಈಸ್ಟ್‌ಮನ್ ಕೊಡಾಕ್‌ನವರು 1947ರಲ್ಲಿ ಅದನ್ನ ತಂದರು.

ಈಗ ಗಮನಿಸಿ: 5/120 ಅಂದರೆ ಎರಡೂವರೆ ಫೀಲ್ಡು. ಹಾಗಾಗಿ ಒಂದು ಬಿಟ್ಟು ಒಂದು ಫಿಲ್ಮ್ ಫ್ರೇಮು ಫೀಲ್ಡಿನ ನಡುಮಧ್ಯದಲ್ಲಿ ಶುರುವಾಗುತ್ತೆ. ಅಂಥ ಫ್ರೇಮಿನಲ್ಲಿ ಚಿತ್ರದ ಮೇಲರ್ಧ, ಕೆಳಗಿನರ್ಧ ಬೇರೆ ಬೇರೆ ಕ್ಷಣದವು, ನಡುವೆ ಒಂದು ಬೆಸುಗೆ. ಶಟರ್ ಕೂದಲೆಳೆಯಷ್ಟು ತಪ್ಪಿದರೂ ಆ ಬೆಸುಗೆ ಕಪ್ಪಾಗಿ ಅಥವಾ ಬೆಳ್ಳಗೆ ಅಡ್ಡಪಟ್ಟಿಯಾಗಿ ಮಿನುಗುತ್ತೆ. ಹಳೇ ಕಿನೆಸ್ಕೋಪ್‌ಗಳಲ್ಲಿ ಪರದೆಯ ಮಧ್ಯ ಮಿಣಮಿಣ ಅನ್ನೋ ಗೆರೆ ಇದೇ.

ಸುಮಾ_ಆರ್ಕೈವ್:
‘ಲೂಸಿ’ಯಲ್ಲೇ ಎರಡನ್ನೂ ಹೋಲಿಸಬಹುದು. 1951ರ ಮಾರ್ಚ್‌ನಲ್ಲಿ ಮಾಡಿದ ಪೈಲಟ್, ಅಂದರೆ ಮಾದರಿ ಕಂತು, ಕಿನೆಸ್ಕೋಪ್‌ನಲ್ಲಿತ್ತು. ಅದರ ಪ್ರತಿ ಕಳೆದೇಹೋಗಿದೆ ಅಂದುಕೊಂಡಿದ್ದರು, ಅದರಲ್ಲಿ ನಟಿಸಿದ್ದ ಪೆಪಿಟೊ ಅನ್ನೋ ವಿದೂಷಕನ ಮನೆಯವರ ಹತ್ತಿರ ಒಂದು ಪ್ರತಿ ಸಿಕ್ಕಿ 1990ರಲ್ಲಿ ಸಿಬಿಎಸ್‌ನಲ್ಲಿ ಬಂತು. ಅದನ್ನೂ ಮೊದಲ ಸೀಸನ್ನಿನ ಯಾವುದಾದರೂ ಕಂತನ್ನೂ ಪಕ್ಕಪಕ್ಕ ಇಟ್ಟು ನೋಡಿ. ಒಂದೇ ವರ್ಷ, ಅದೇ ಜೋಡಿ.

ಹಾಗಂತ ಕಿನೆಸ್ಕೋಪನ್ನ ತೀರಾ ಬೈಯಬೇಡಿ. ಎಡ್ವರ್ಡ್ ಮರೋ ಅವರ ‘ಸೀ ಇಟ್ ನೌ’ನಲ್ಲಿ 1954ರ ಮಾರ್ಚ್ 9ರಂದು ಬಂದ ಸೆನೆಟರ್ ಮೆಕಾರ್ಥಿ ಕುರಿತ ಕಾರ್ಯಕ್ರಮವನ್ನ, ಹಾಸ್ಯಗಾರ ಮಿಲ್ಟನ್ ಬರ್ಲ್ ಅವರ ಹುಚ್ಚಾಟವನ್ನ ನಾವು ಇವತ್ತು ನೋಡ್ತಿರೋದು ಕಿನೆಸ್ಕೋಪ್ ದಯೆಯಿಂದ.

ಶಿವಾನಂದ_ಸರ್ಕಲ್:
‘ದ ಹನಿಮೂನರ್ಸ್’ ಕೂಡ ನೇರ ಪ್ರಸಾರದ್ದೇ ಅಲ್ವಾ? ಅದು ಚೆನ್ನಾಗಿಯೇ ಕಾಣುತ್ತಲ್ಲ?

ಫೀಲ್ಡ್_525:
ಅದು ಮೂರಕ್ಕೂ ಸೇರದ ನಾಲ್ಕನೇ ಜಾತಿ. 1955-56ರ 39 ಕಂತುಗಳನ್ನ ಡ್ಯುಮಾಂಟ್ ಕಂಪನಿಯ ಇಲೆಕ್ಟ್ರಾನಿಕ್ಯಾಮ್‌ನಲ್ಲಿ ತೆಗೆದರು. ಒಂದೇ ಲೆನ್ಸಿನಿಂದ ಬಂದ ಬೆಳಕನ್ನ ಒಳಗೆ ಸೀಳಿ, ಒಂದು ಪಾಲು 35 ಎಂಎಂ ಫಿಲ್ಮಿಗೆ, ಇನ್ನೊಂದು ಪಾಲು ಟಿವಿ ಕ್ಯಾಮೆರಾದ ಟ್ಯೂಬಿಗೆ ಕೊಡುತ್ತೆ. ನಿರ್ದೇಶಕರು ಮಾನಿಟರ್ ನೋಡ್ತಾ ನೇರ ಪ್ರಸಾರದ ಹಾಗೇ ‘ಎರಡು... ಒಂದು...’ ಅಂತ ಕ್ಯಾಮೆರಾ ಬದಲಿಸ್ತಾರೆ. ಆ ಬದಲಾವಣೆಯ ದಾಖಲೆ ಹಿಡಿದು ಆಮೇಲೆ ಫಿಲ್ಮು ಕತ್ತರಿಸಿದರೆ ಆಯ್ತು. ಜಾಣ ಉಪಾಯ. ಆದರೆ 1956ರಲ್ಲಿ ವಿಡಿಯೋ ಟೇಪು ಬಂದದ್ದೇ ಇದಕ್ಕೆ ಉಳಿಗಾಲ ಇಲ್ಲದಾಯ್ತು. ಡ್ಯುಮಾಂಟ್ ನೆಟ್‌ವರ್ಕೂ ಅದೇ ವರ್ಷ ಮುಚ್ಚಿತು.

ಸುಮಾ_ಆರ್ಕೈವ್:
ಡ್ಯುಮಾಂಟ್ ಕಥೆ ಇನ್ನೂ ಕೆಟ್ಟದ್ದು. ‘ಕ್ಯಾಪ್ಟನ್ ವಿಡಿಯೋ’ದಂಥ ಶೋ ಕೊಟ್ಟ, ಜಾಕಿ ಗ್ಲೀಸನ್ ಅವರ ‘ಹನಿಮೂನರ್ಸ್’ ಮೊದಲು ಪ್ರಹಸನವಾಗಿ ಹುಟ್ಟಿದ ನೆಟ್‌ವರ್ಕ್ ಅದು. ಅದರ ಕಿನೆಸ್ಕೋಪ್ ಸಂಗ್ರಹ 1970ರ ದಶಕದ ಆರಂಭದಲ್ಲಿ ಕೈ ಬದಲಾಗುವಾಗ, ಕಾಪಾಡುವ ಖರ್ಚು ಯಾರದ್ದು ಅನ್ನೋ ಜಗ್ಗಾಟದಲ್ಲಿ, ಲಾರಿಗಳಲ್ಲಿ ತುಂಬಿ ನ್ಯೂಯಾರ್ಕ್ ಕೊಲ್ಲಿಗೆ ಸುರಿದರು ಅಂತ ನಟಿ ಈಡಿ ಆಡಮ್ಸ್ 1996ರಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ ಮುಂದೆ ಸಾಕ್ಷ್ಯ ಹೇಳಿದರು. ಅವರ ಗಂಡ ಅರ್ನಿ ಕೊವಾಕ್ಸ್ ಅವರ ಶೋಗಳ ಟೇಪುಗಳನ್ನ ಅವರೇ ಸ್ವಂತ ದುಡ್ಡು ಹಾಕಿ ಉಳಿಸಿಕೊಂಡವರು, ಹಾಗಾಗಿ ಆ ಮಾತಿಗೆ ತೂಕ ಇದೆ.

ಒಂಟಿಕೊಪ್ಪಲ್:
ಸರಿ, ಈಗ ಟೇಪಿಗೆ ಬನ್ನಿ. ಕಾರ್ಸನ್ ಎಲ್ಲಿ ಹೋದರು?

ಕತ್ತರಿ_ಬ್ಲೇಡು:
ಅಳಿಸಿಹಾಕಿದರು. ಬೇಕಂತಲೇ.

ಆಂಪೆಕ್ಸ್ ಕಂಪನಿ ವಿಆರ್‌ಎಕ್ಸ್-1000 ಯಂತ್ರವನ್ನ 1956ರ ಏಪ್ರಿಲ್‌ನಲ್ಲಿ ಶಿಕಾಗೋದಲ್ಲಿ ಪ್ರದರ್ಶಿಸಿತು. ಬೆಲೆ 45,000 ಡಾಲರ್ ಆಸುಪಾಸು. ಅದೇ ವರ್ಷ ನವೆಂಬರ್ 30ಕ್ಕೆ ಸಿಬಿಎಸ್ ತನ್ನ ಸಂಜೆಯ ಡಗ್ಲಸ್ ಎಡ್ವರ್ಡ್ಸ್ ವಾರ್ತೆಯನ್ನ ಹಾಲಿವುಡ್‌ನಲ್ಲಿ ಟೇಪು ಮಾಡಿ ಪಶ್ಚಿಮಕ್ಕೆ ಮೂರು ಗಂಟೆ ತಡವಾಗಿ ಬಿಟ್ಟಿತು. ಟೇಪು ಬಂದದ್ದೇ ಇದಕ್ಕೆ, ಪೂರ್ವ-ಪಶ್ಚಿಮದ ಗಡಿಯಾರದ ಅಂತರ ತುಂಬೋಕೆ. ಮುಂದಿನ ಪೀಳಿಗೆಗೆ ಕೂಡಿಡೋದು ಯಾರ ತಲೆಯಲ್ಲೂ ಇರಲಿಲ್ಲ. ಒಂದು ಗಂಟೆಯ ರೀಲು ಸುಮಾರು 300 ಡಾಲರ್. ಅಳಿಸಿ ಮತ್ತೆ ಬಳಸಬಹುದು ಅನ್ನೋದೇ ಅದರ ದೊಡ್ಡ ಗುಣ ಅಂತ ಮಾರಾಟ ಆದ ಸರಕು. ದಿನಾ ರಾತ್ರಿ ಬರೋ ಹರಟೆ ಶೋಗೆ ಆ ಲೆಕ್ಕದಲ್ಲಿ ರೀಲು ಎತ್ತಿಡೋಕೆ ಯಾವ ಮ್ಯಾನೇಜರ್ ಒಪ್ಪುತ್ತಾನೆ? ಕಾರ್ಸನ್ 1962ರ ಅಕ್ಟೋಬರ್‌ನಲ್ಲಿ ಶುರು ಮಾಡಿ 1972ರಲ್ಲಿ ಕ್ಯಾಲಿಫೋರ್ನಿಯಾದ ಬರ್ಬ್ಯಾಂಕ್‌ಗೆ ಹೋಗೋತನಕದ ನ್ಯೂಯಾರ್ಕ್ ಕಂತುಗಳಲ್ಲಿ ಬಹುಪಾಲು ಹೀಗೇ ಹೋದವು. ‘ಜೆಪರ್ಡಿ!’ಯ ಮೊದಲ ಅವತಾರ, ಆರ್ಟ್ ಫ್ಲೆಮಿಂಗ್ ನಡೆಸಿದ್ದು, ಅದಕ್ಕೂ ಇದೇ ಗತಿ. 1967ರ ಮೊದಲ ಸೂಪರ್ ಬೌಲ್ ಪಂದ್ಯವನ್ನ ಸಿಬಿಎಸ್, ಎನ್‌ಬಿಸಿ ಎರಡೂ ಪ್ರಸಾರ ಮಾಡಿದವು, ಎರಡೂ ಪೂರ್ತಿ ಟೇಪು ಇಟ್ಟುಕೊಳ್ಳಲಿಲ್ಲ.

ಇದಕ್ಕೆ ಅಪವಾದ ‘ಡಾರ್ಕ್ ಶ್ಯಾಡೋಸ್’. ಹಗಲು ಹೊತ್ತಿನ ಧಾರಾವಾಹಿ, 1966ರಿಂದ 71, 1,225 ಕಂತು. ಅದರಲ್ಲಿ 1,219ನೇದು ಒಂದು ಬಿಟ್ಟು ಎಲ್ಲ ಉಳಿದಿವೆ, ಕೆಲವು ಕಿನೆಸ್ಕೋಪ್ ರೂಪದಲ್ಲಿ. ಆ ಕಾಲದ ಹಗಲು ಧಾರಾವಾಹಿ ಇಷ್ಟು ಇಡಿಯಾಗಿ ಉಳಿದದ್ದು ದೊಡ್ಡ ವಿಷಯ.

ಫೀಲ್ಡ್_525:
ಟೇಪು ಉಳಿದರೂ ಓಡಿಸೋದು ಇನ್ನೊಂದು ಸಾಹಸ. ಎರಡಿಂಚಿನ ಟೇಪು ಸೆಕೆಂಡಿಗೆ 15 ಇಂಚು ಸಾಗುತ್ತೆ, ಅದಕ್ಕೆ ಅಡ್ಡವಾಗಿ ನಾಲ್ಕು ತಲೆಗಳ (ಟೇಪಿಗೆ ಬರೆಯುವ, ಓದುವ ಭಾಗಗಳು) ಚಕ್ರ ನಿಮಿಷಕ್ಕೆ 14,400 ಸಲ ತಿರುಗುತ್ತೆ. ಸೆಕೆಂಡಿಗೆ 240 ಸುತ್ತು, ನಾಲ್ಕು ತಲೆ, ಒಟ್ಟು 960 ಪಟ್ಟಿ. ಒಂದು ಫೀಲ್ಡಿಗೆ 16 ಪಟ್ಟಿ, ಒಂದು ಪಟ್ಟಿಯಲ್ಲಿ 16-17 ಗೆರೆ. ನಾಲ್ಕರಲ್ಲಿ ಒಂದು ತಲೆ ಸವೆದಿದ್ದರೆ ಅಥವಾ ಅದರ ಮಟ್ಟ ತಪ್ಪಿದ್ದರೆ ಚಿತ್ರದಲ್ಲಿ ಪ್ರತಿ ನಾಲ್ಕನೇ ಪಟ್ಟಿಯ ಬಣ್ಣ ಬೇರೆಯಾಗುತ್ತೆ. 60ರ ದಶಕದ ಕಲರ್ ಟೇಪಿನಲ್ಲಿ ನಟನ ಮುಖದ ಮೇಲೆ ಅಡ್ಡಡ್ಡ ಪಟ್ಟೆ ಕಂಡರೆ ಅದು ಇದೇ, ನಿಮ್ಮ ಟಿವಿ ಕೆಟ್ಟಿಲ್ಲ.

ಮೊದಮೊದಲು ಒಂದು ಯಂತ್ರದ ತಲೆಯಲ್ಲಿ ದಾಖಲಿಸಿದ್ದನ್ನ ಅದೇ ತಲೆಯಲ್ಲೇ ಓಡಿಸಬೇಕಿತ್ತು. ಟೇಪು ಬೇರೆ ಊರಿಗೆ ಹೋಗಬೇಕಾದರೆ ತಲೆಯ ಜೋಡಣೆಯನ್ನೂ ಬಿಚ್ಚಿ ಜೊತೆಗೆ ಕಳಿಸಬೇಕು!

ಕತ್ತರಿ_ಬ್ಲೇಡು:
ಎಡಿಟಿಂಗೂ ಹಾಗೇ. ಫಿಲ್ಮಿನಲ್ಲಿ ಚಿತ್ರ ಕಣ್ಣಿಗೆ ಕಾಣುತ್ತೆ, ಟೇಪು ಬರೀ ಕಂದು ಪಟ್ಟಿ. ಕಬ್ಬಿಣದ ನುಣ್ಣನೆ ಪುಡಿ ಬೆರೆಸಿದ ದ್ರವ ಸವರಿದರೆ ಅಯಸ್ಕಾಂತದ ಗೆರೆಗಳು ಮೂಡ್ತವೆ. ಸೂಕ್ಷ್ಮದರ್ಶಕದಲ್ಲಿ ನೋಡಿ, ಫ್ರೇಮು ಶುರುವಾಗುವ ಗುರುತು ಹುಡುಕಿ, ಎರಡು ಪಟ್ಟಿಗಳ ನಡುವೆ ಬ್ಲೇಡಿನಲ್ಲಿ ಕುಯ್ದು, ಹಿಂದಿನಿಂದ ತೆಳ್ಳನೆ ಅಂಟುಪಟ್ಟಿ ಹಾಕಬೇಕು. ಗುರುತು ತಪ್ಪಿದರೆ ಆ ಜಾಗ ಬಂದಾಗ ಚಿತ್ರ ಉರುಳುತ್ತೆ. ಇನ್ನೊಂದು ರಗಳೆ ಅಂದರೆ ಶಬ್ದದ ತಲೆ ಚಿತ್ರದ ತಲೆಗಿಂತ ಒಂಬತ್ತು ಇಂಚಿಗೂ ಹೆಚ್ಚು ದೂರ, ಅಂದರೆ ಅರ್ಧ ಸೆಕೆಂಡಿಗೂ ಜಾಸ್ತಿ ಅಂತರ. ಚಿತ್ರ ಕತ್ತರಿಸಿದ ಜಾಗದಲ್ಲೇ ಮಾತು ಕತ್ತರಿಸಿರಲ್ಲ. 1968ರ ‘ಲಾಫ್-ಇನ್’ನ ಒಂದೊಂದು ಕಂತಿನಲ್ಲೂ ಇಂಥ ನೂರಾರು ಜೋಡಣೆ ಇದ್ದವು ಅಂದರೆ ಆ ಎಡಿಟರ್‌ಗಳ ತಾಳ್ಮೆಗೆ ಕೈಮುಗಿಯಬೇಕು. ಮೇಲಾಗಿ, ಕತ್ತರಿಸಿ ಅಂಟಿಸಿದ ಟೇಪನ್ನ ಮತ್ತೆ ಹೊಸ ಶೋಗೆ ಬಳಸೋಕೆ ಬರಲ್ಲ. ಹಾಗಾಗಿ ಸಾಧ್ಯವಾದಷ್ಟೂ ಕತ್ತರಿ ಹಾಕದೆ, ನಾಟಕದ ಹಾಗೆ ಒಂದೇ ಸಮನೆ ನಡೆಸಿಬಿಡೋದು ಅಂದಿನ ವಾಡಿಕೆ.

ಹಳೇರೀಲು:
ಒಂಟಿಕೊಪ್ಪಲ್ ಅವರೇ, ಫಿಲ್ಮು-ಟೇಪಿನ ವ್ಯತ್ಯಾಸ ನಿಮ್ಮ ಕಣ್ಣಾರೆ ನೋಡಬೇಕೆಂದರೆ ‘ದ ಟ್ವಿಲೈಟ್ ಝೋನ್’ ಎರಡನೇ ಸೀಸನ್ ಹಾಕಿ. ಖರ್ಚು ಉಳಿಸಲು ಸಿಬಿಎಸ್ ಅದರ ಆರು ಕಂತುಗಳನ್ನ ಟೇಪಿನಲ್ಲಿ ಮಾಡಿಸಿತು. ಕಂತಿಗೆ ಉಳಿದದ್ದು ಸುಮಾರು 5,000 ಡಾಲರ್. ‘ದ ನೈಟ್ ಆಫ್ ದ ಮೀಕ್’, ‘ಲಾಂಗ್ ಡಿಸ್ಟನ್ಸ್ ಕಾಲ್’ ಅವುಗಳಲ್ಲಿ ಎರಡು. ಹೊರಾಂಗಣ ಇಲ್ಲವೇ ಇಲ್ಲ, ಎಲ್ಲ ಸ್ಟುಡಿಯೋ ಒಳಗೇ, ಮುಖಗಳಿಗೆ ಚಪ್ಪಟೆ ಬೆಳಕು. ಆಮೇಲೆ ಅವನ್ನ ಸ್ಟೇಷನ್ನುಗಳಿಗೆ ಮಾರಲು 16 ಎಂಎಂ ಕಿನೆಸ್ಕೋಪ್‌ಗೆ ಇಳಿಸಿದರು. ಶೋ ಸೃಷ್ಟಿಸಿದ ರಾಡ್ ಸರ್ಲಿಂಗ್ ಅವರೇ, ವರ್ಷ ಅದೇ, ಚಿತ್ರ ಮಾತ್ರ ಬೇರೆ ಲೋಕದ್ದು. ಈ ಉಳಿತಾಯ ದಂಡಕ್ಕೆ ದಾರಿ ಅಂತ ಅವರಿಗೂ ಅನ್ನಿಸಿರಬೇಕು, ಆರಕ್ಕೇ ನಿಲ್ಲಿಸಿದರು.

ಶಿವಾನಂದ_ಸರ್ಕಲ್:
ಮಧ್ಯದಲ್ಲಿ ಒಂದು ಪ್ರಶ್ನೆ. ‘ಲೂಸಿ’ಯಲ್ಲಿ ಕೇಳೋ ನಗು ನಿಜವಾದ್ದಾ, ಪೆಟ್ಟಿಗೆಯದ್ದಾ?

ಲೈಟ್‌ಬಾಯ್_ಬಸು:
ಅದು ಅಲ್ಲೇ ಕೂತಿದ್ದ ಜನರದ್ದು, ತಲೆಯ ಮೇಲೆ ಮೈಕು ತೂಗುಹಾಕಿದ್ದರು. ಪೆಟ್ಟಿಗೆ ನಗು ಒಂದೇ ಕ್ಯಾಮೆರಾದಲ್ಲಿ, ಪ್ರೇಕ್ಷಕರಿಲ್ಲದೆ ತೆಗೆದ ಹಾಸ್ಯಗಳದ್ದು. 1950ರ ‘ಹ್ಯಾಂಕ್ ಮೆಕ್ಯೂನ್ ಶೋ’ದಲ್ಲೇ ಅಂಟಿಸಿದ ನಗು ಇತ್ತು. ಅದನ್ನ ಕಸುಬು ಮಾಡಿದವರು ಸಿಬಿಎಸ್‌ನ ಇಂಜಿನಿಯರ್ ಆಗಿದ್ದ ಚಾರ್ಲಿ ಡಗ್ಲಸ್. ಅವರ ಯಂತ್ರದಲ್ಲಿ 32 ಟೇಪು ಸುರುಳಿ, ಒಂದೊಂದರಲ್ಲಿ 10 ನಗು, ಒಟ್ಟು 320. ಟೈಪ್‌ರೈಟರ್ ಥರ ಕೀಲಿ ಒತ್ತಿದರೆ ಹೆಂಗಸರ ಕಿಲಕಿಲ, ಗಂಡಸರ ಗಹಗಹ. ಎಷ್ಟು ಹೊತ್ತು ಅನ್ನೋದು ಕಾಲಿನ ಪೆಡಲ್‌ನಲ್ಲಿ. ನಗು ಎತ್ತಿದ್ದು ಹೆಚ್ಚಾಗಿ ರೆಡ್ ಸ್ಕೆಲ್ಟನ್ ಅವರ ಮೂಕಾಭಿನಯದ ಭಾಗಗಳಿಂದ, ಅಲ್ಲಿ ಮಾತು ಅಡ್ಡ ಬರಲ್ಲವಲ್ಲ. ಯಂತ್ರಕ್ಕೆ ಬೀಗ ಹಾಕಿಟ್ಟು ಯಾರಿಗೂ ಒಳಗೆ ತೋರಿಸ್ತಿರಲಿಲ್ಲ ಪುಣ್ಯಾತ್ಮ.

ಸೇನಾ ಆಸ್ಪತ್ರೆಯ ಹಾಸ್ಯ ಶೋ ‘ಮ್ಯಾಶ್’ ನಿರ್ಮಾಪಕರಿಗೆ ನಗು ಬೇಡ, ಸಿಬಿಎಸ್‌ಗೆ ಬೇಕೇ ಬೇಕು. ಕೊನೆಗೆ ಆಪರೇಷನ್ ಥಿಯೇಟರ್ ದೃಶ್ಯಗಳಲ್ಲಿ ಮಾತ್ರ ನಗು ಇಲ್ಲ ಅಂತ ರಾಜಿ. ಡಿವಿಡಿಯಲ್ಲಿ ನಗು ಇಲ್ಲದ ಆಡಿಯೋ ಟ್ರ್ಯಾಕೂ ಇದೆ, ಅದನ್ನೇ ಹಾಕ್ಕೊಳ್ಳಿ. ಮಾತು ಮಾತಿನ ನಡುವೆ ನಗುವಿಗಾಗಿ ಬಿಟ್ಟ ಖಾಲಿ ಜಾಗ ಎಷ್ಟು ಕಮ್ಮಿ ಅಂತ ಆಗ ಗೊತ್ತಾಗುತ್ತೆ.

ಒಂಟಿಕೊಪ್ಪಲ್:
ಕೊನೆಯದಾಗಿ ವ್ಯವಹಾರದ ಮಾತು. ನನ್ನ ಹತ್ತಿರ ಅಮೆರಿಕದ ಟಿವಿ ಪದ್ಧತಿಯ, ಅಂದರೆ ಎನ್‌ಟಿಎಸ್‌ಸಿ ಡಿವಿಡಿಗಳಿವೆ: ‘ಲೂಸಿ’, ‘ಆಲ್ ಇನ್ ದ ಫ್ಯಾಮಿಲಿ’, ಒಂದಿಷ್ಟು ಕಿನೆಸ್ಕೋಪ್. ಕಂಪ್ಯೂಟರಿಗೆ ಹಾಕಿಕೊಂಡರೆ ಅಂಚುಗಳೆಲ್ಲ ಬಾಚಣಿಗೆ ಹಲ್ಲಿನ ಹಾಗೆ ಸೀಳುತ್ತೆ. ಎಲ್ಲಕ್ಕೂ ಒಂದೇ ಸೆಟ್ಟಿಂಗ್ ಸಾಕಾ?

ಫೀಲ್ಡ್_525:
ಸಾಲದು, ಹೆಚ್ಚಿನವರು ಎಡವೋದೇ ಇಲ್ಲಿ.

ಮೊದಲು ಯಾವ ಜಾತಿ ಅಂತ ಪತ್ತೆ ಮಾಡಿ. ಯಾರಾದರೂ ವೇಗವಾಗಿ ಕೈ ಬೀಸುವ ಜಾಗ ಹುಡುಕಿ, ಡೀಇಂಟರ್‌ಲೇಸ್ (ಫೀಲ್ಡುಗಳ ಸೀಳು ಅಳಿಸುವ ಸೆಟ್ಟಿಂಗ್) ಆಫ್ ಮಾಡಿ, ಒಂದೊಂದೇ ಫ್ರೇಮು ಮುಂದೆ ಹೋಗಿ. ಮೂರು ಫ್ರೇಮು ಶುಭ್ರ, ಎರಡರಲ್ಲಿ ಸೀಳು, ಮತ್ತೆ ಮೂರು ಶುಭ್ರ, ಎರಡು ಸೀಳು: ಹೀಗೆ ಐದರ ಲಯ ಕಂಡರೆ ಮೂಲ ಫಿಲ್ಮು. ನಾಲ್ಕು ಫಿಲ್ಮ್ ಫ್ರೇಮನ್ನ ಹತ್ತು ಫೀಲ್ಡಿಗೆ ಹಂಚಿದ್ದಾರೆ ಅಂತ ಅರ್ಥ. ಚಲನೆ ಇರುವ ಪ್ರತಿ ಫ್ರೇಮಿನಲ್ಲೂ ಸೀಳಿದ್ದರೆ ಮೂಲ ಟೇಪು. ಒಂದು ಫ್ರೇಮಿನಲ್ಲೂ ಸೀಳಿಲ್ಲ ಅಂದರೆ ಡಿವಿಡಿಯಲ್ಲೇ 24 ಫ್ರೇಮಾಗಿ ಬರೆದಿದ್ದಾರೆ, ಸುಮ್ಮನೆ ಬಿಡಿ.

ಫಿಲ್ಮು ಮೂಲದ್ದಕ್ಕೆ ಡೀಇಂಟರ್‌ಲೇಸ್ ಮಾಡಲೇಬಾರದು, ಮಾಡಿದರೆ ವಿವರ ಅರ್ಧ ಹೋಗುತ್ತೆ. ಇನ್ವರ್ಸ್ ಟೆಲಿಸಿನಿ ಮಾಡಬೇಕು, ಅಂದರೆ ಹಂಚಿದ ಫೀಲ್ಡುಗಳನ್ನ ಮತ್ತೆ ಮೂಲ ಫಿಲ್ಮ್ ಫ್ರೇಮಾಗಿ ಜೋಡಿಸಬೇಕು. ಎಫ್‌ಎಫ್‌ಎಂಪೆಗ್ ಅನ್ನೋ ವಿಡಿಯೋ ಸಾಫ್ಟ್‌ವೇರಿನಲ್ಲಾದರೆ ‘ಫೀಲ್ಡ್‌ಮ್ಯಾಚ್’ ಫಿಲ್ಟರ್ ಹಾಕಿ ಅದರ ಹಿಂದೆಯೇ ‘ಡೆಸಿಮೇಟ್’. 29.97 (ಸುಮಾರು 30) ಫ್ರೇಮು 23.976ಕ್ಕೆ (ಸುಮಾರು 24) ಇಳಿಯುತ್ತೆ, ಹಲ್ಲುಗಳು ಮಾಯ. ಕಿನೆಸ್ಕೋಪ್‌ಗೂ ಇದೇ ಮದ್ದು, ಅದು ಫಿಲ್ಮೇ ಆದ್ದರಿಂದ. ನಡುವೆ ಹಳೇ ಜೋಡಣೆಗಳಿದ್ದರೆ ಐದರ ಲಯ ಮುರಿದು ಮತ್ತೆ ಶುರುವಾಗುತ್ತೆ, ಅಂಥ ಕಡೆ ಒಂದೆರಡು ಫ್ರೇಮು ತಡವರಿಸಿದರೆ ಗಾಬರಿ ಬೇಡ.

ಟೇಪು ಮೂಲದ್ದಕ್ಕೆ ಉಲ್ಟಾ. ಡೀಇಂಟರ್‌ಲೇಸ್ ಬೇಕು, ಆದರೆ ಪ್ರತಿ ಫೀಲ್ಡಿಗೂ ಒಂದು ಫ್ರೇಮು ಬರುವ ಹಾಗೆ, 59.94ಕ್ಕೆ. ‘ಬಿಡಬ್ಲ್ಯೂಡಿಫ್’ ಫಿಲ್ಟರ್ ತಾನಾಗೇ ಹಾಗೆ ಮಾಡುತ್ತೆ, ‘ಯಾಡಿಫ್’ ಆದರೆ ಮೋಡ್ 1 ಕೊಡಬೇಕು. ಬಹಳ ಜನ 29.97ಕ್ಕೆ ಇಳಿಸಿಬಿಡ್ತಾರೆ. ಆಗ ‘ಆಲ್ ಇನ್ ದ ಫ್ಯಾಮಿಲಿ’ಯ ಆ ನೀರು ಹರಿದಂಥ ಚಲನೆ, ರಂಗದ ಮುಂದೆ ಕೂತ ಅನುಭವ, ಎಲ್ಲ ಹೋಗಿ ಕುಂಟೋ ಚಿತ್ರ ಉಳಿಯುತ್ತೆ.

ಹಳೇರೀಲು:
ಭಾರತದಲ್ಲಿ ಸಿಗೋ, ನಮ್ಮ ಕಡೆಯ ಟಿವಿ ಪದ್ಧತಿಯಾದ ಪಾಲ್ ಡಿವಿಡಿ ಇದ್ದರೆ ಲೆಕ್ಕ ಬೇರೆ. ಅಲ್ಲಿ 24 ಫ್ರೇಮನ್ನ 25ಕ್ಕೆ ಓಡಿಸಿರ್ತಾರೆ, ಶೇ. 4ರಷ್ಟು ವೇಗ ಜಾಸ್ತಿ, ಧ್ವನಿ ಮುಕ್ಕಾಲು ಸ್ವರದಷ್ಟು ಹತ್ತಿರತ್ತಿರ ಮೇಲಕ್ಕೆ.

ಫೀಲ್ಡ್_525:
ಸರ್, ಮುಕ್ಕಾಲು ಸ್ವರ ಅಲ್ಲ, ಮುಕ್ಕಾಲು ಸೆಮಿಟೋನಿಗಿಂತಲೂ (ಸೆಮಿಟೋನು ಅಂದರೆ ಅರ್ಧ ಸ್ವರ) ಸ್ವಲ್ಪ ಕಮ್ಮಿ, 0.7. ಡೆಸಿ ಆರ್ನಾಜ್ ಹಾಡುವ ಕಂತುಗಳಲ್ಲಿ ಕಿವಿ ಇದ್ದವರಿಗೆ ಗೊತ್ತಾಗುತ್ತೆ. ಟೇಪು ಮೂಲದ್ದಕ್ಕೆ ಹೀಗೆ ವೇಗ ಹೆಚ್ಚಿಸೋಕೆ ಬರಲ್ಲ, 60 ಫೀಲ್ಡನ್ನ 50ಕ್ಕೆ, 525 ಗೆರೆಯನ್ನ 625ಕ್ಕೆ ಕಲಸಿ ಬದಲಿಸಬೇಕು. 90ರ ದಶಕದಲ್ಲಿ ಸ್ಟಾರ್ ಪ್ಲಸ್‌ನಲ್ಲಿ ‘ಸಾಂಟಾ ಬಾರ್ಬರಾ’, ‘ದ ಬೋಲ್ಡ್ ಅಂಡ್ ದ ಬ್ಯೂಟಿಫುಲ್’ ಬರ್ತಿದ್ದವಲ್ಲ, ಅವೆರಡೂ ಟೇಪಿನವು. ಇಂಥ ಶೋ ನಮ್ಮ ಕಡೆ ಬರುವಾಗ ಈ ಬದಲಾವಣೆಯಲ್ಲೇ ಇನ್ನೊಂದು ಸುತ್ತು ಮಸುಕಾಗೋದು.

ಸುಮಾ_ಆರ್ಕೈವ್:
ಕೊಳ್ಳುವ ಮುಂಚೆ ಕಂತಿನ ಉದ್ದ ನೋಡಿ. 1950ರ ದಶಕದ ಅರ್ಧ ಗಂಟೆಯ ಶೋ ಸುಮಾರು 26 ನಿಮಿಷ ಇರ್ತಿತ್ತು. ಆಮೇಲೆ ಜಾಹೀರಾತು ಹೆಚ್ಚಿದಂತೆ ಸ್ಟೇಷನ್ನುಗಳಿಗೆ ಮಾರುವಾಗ ಕತ್ತರಿಸಿ 22-23ಕ್ಕೆ ಇಳಿಸಿದರು. ಡಬ್ಬಿಯ ಮೇಲೆ 22 ಅಂತಿದ್ದರೆ ಕತ್ತರಿಸಿದ ಪ್ರತಿ. ‘ಲೂಸಿ’ಗೆ ಇನ್ನೊಂದು ಗುರುತು: ನಮಗೆಲ್ಲ ಪರಿಚಯದ ಸ್ಯಾಟಿನ್ ಬಟ್ಟೆಯ ಮೇಲಿನ ಹೃದಯದ ಶೀರ್ಷಿಕೆ ಮರುಪ್ರಸಾರಕ್ಕೆ ಮಾಡಿದ್ದು. 1951ರ ಮೂಲದಲ್ಲಿ ಇದ್ದದ್ದು ಕಡ್ಡಿಗೊಂಬೆಯ ಲೂಸಿ, ಡೆಸಿ ಮತ್ತು ಒಂದು ಸಿಗರೇಟು ಪ್ಯಾಕು.

ಕತ್ತರಿ_ಬ್ಲೇಡು:
ಫಿಲ್ಮು ಅಂದ ಮಾತ್ರಕ್ಕೆ ಎಚ್‌ಡಿ ಗ್ಯಾರಂಟಿ ಅಂತಲೂ ತಿಳೀಬೇಡಿ. ‘ಸ್ಟಾರ್ ಟ್ರೆಕ್: ದ ನೆಕ್ಸ್ಟ್ ಜನರೇಷನ್’ 35 ಎಂಎಂನಲ್ಲೇ ಶೂಟ್ ಆಯ್ತು, ಆದರೆ ಎಡಿಟಿಂಗ್ ಮತ್ತು ಗ್ರಾಫಿಕ್ಸ್ ಪೂರ್ತಿ ಟೇಪಿನಲ್ಲಿ. ಮುಗಿದ ಕಂತು ಅಂತ ಫಿಲ್ಮು ಎಲ್ಲೂ ಇರಲಿಲ್ಲ. ಬ್ಲೂ-ರೇಗೆ ಏಳೂ ಸೀಸನ್ನಿನ ಮೂಲ ನೆಗೆಟಿವ್ ಹುಡುಕಿ, ಸ್ಕ್ಯಾನ್ ಮಾಡಿ, ಕಂತು ಕಂತನ್ನೂ ಮೊದಲಿಂದ ಜೋಡಿಸಿದರು. ‘ಸೈನ್‌ಫೆಲ್ಡ್’ನಲ್ಲಿ ಬೇರೆ ಥರದ ಎಡವಟ್ಟು, ಹಳೇ ಟಿವಿಯ 4:3 ಆಕಾರದ ಚಿತ್ರವನ್ನ ಅಗಲ ಪರದೆಗೆ ಹೊಂದಿಸಲು ಮೇಲೆ ಕೆಳಗೆ ಕತ್ತರಿಸಿದರು. ‘ದ ಪಾಟ್‌ಹೋಲ್’ ಅನ್ನೋ ಕಂತಿನಲ್ಲಿ ರಸ್ತೆಯ ಗುಂಡಿಯೇ ಚಿತ್ರದಿಂದ ಆಚೆ ಹೋಯ್ತು.

ಒಂಟಿಕೊಪ್ಪಲ್:
ಫೀಲ್ಡ್_525 ಅವರೇ, ‘ಆಲ್ ಇನ್ ದ ಫ್ಯಾಮಿಲಿ’ ಪ್ರತಿ ಫ್ರೇಮಿನಲ್ಲೂ ಸೀಳು, ಬಿಡಬ್ಲ್ಯೂಡಿಫ್ ಹಾಕಿದೆ, 59.94 ಬಂತು. ‘ಲೂಸಿ’ಯಲ್ಲಿ ಮೂರು-ಎರಡರ ಲಯ ಸರಿಯಾಗಿ ಇದೆ. ಒಂದು ಕಿನೆಸ್ಕೋಪ್‌ನಲ್ಲಿ ಮಾತ್ರ ಇನ್ವರ್ಸ್ ಟೆಲಿಸಿನಿ ಆದಮೇಲೂ ಪರದೆಯ ಮಧ್ಯ ಅಡ್ಡಗೆರೆ ಮಿನುಗುತ್ತಿದೆ.

ಫೀಲ್ಡ್_525:
ಅದು ಶಟರಿನ ಬೆಸುಗೆ, ಫಿಲ್ಮಿನಲ್ಲೇ ಅಚ್ಚಾಗಿರೋದು. ಸಾಫ್ಟ್‌ವೇರಿನಲ್ಲಿ ಆ ನಾಲ್ಕೈದು ಗೆರೆಗಳ ಬೆಳಕನ್ನ ಮೇಲಿನ ಕೆಳಗಿನ ಗೆರೆಗೆ ಸರಿಹೊಂದಿಸಿದರೆ ಮಿನುಗು ಕಮ್ಮಿಯಾಗುತ್ತೆ, ಆದರೆ ಒಂದು ಬಿಟ್ಟು ಒಂದು ಫ್ರೇಮಿಗೆ ಮಾತ್ರ ಹಾಕಿ. ಎಲ್ಲ ಫ್ರೇಮಿಗೂ ಹಾಕಿದರೆ ಚೆನ್ನಾಗಿರೋ ಫ್ರೇಮಿನಲ್ಲಿ ಹೊಸ ಪಟ್ಟಿ ಹುಟ್ಟುತ್ತೆ.